52 ತಪ್ಪುಗಳ ಲೆಕ್ಕ: ನನಗೆ ಎಂಬಿಬಿಎಸ್ ಸೀಟು ಸಿಕ್ಕ ಬಗೆ

ಮೊದಲ ಸಲ ವೈದ್ಯಕೀಯ ಪ್ರವೇಶ ಪರೀಕ್ಷೆ ನೀಟ್ ಬರೆದಾಗ ನನಗೆ ಬಂದದ್ದು 432. ಅದು 2023ರ ಮೇ 7ರ ಪರೀಕ್ಷೆ. ಒಟ್ಟು ಅಂಕ 720. ಆ ವರ್ಷ ಸಾಮಾನ್ಯ ವರ್ಗಕ್ಕೆ ಅರ್ಹತೆಯ ಗೆರೆ 137 ಇತ್ತು. ಹಾಗಾಗಿ ಊರಲ್ಲಿ ಎಲ್ಲರೂ ನಾನು ಪಾಸಾದೆ ಅಂದರು. ಅವ್ವ ಓಣಿಗೆಲ್ಲ ಸಕ್ಕರೆ ಹಂಚಿದಳು. ಪಾಸಾಗೋದು ಬೇರೆ, ಸೀಟು ಸಿಗೋದು ಬೇರೆ ಅಂತ ಅವಳಿಗೆ ಬಿಡಿಸಿ ಹೇಳೋಕೆ ನನಗೆ ಎರಡು ದಿನ ಬೇಕಾಯಿತು.

ನಮ್ಮದು ಗಜೇಂದ್ರಗಡದ ಹತ್ತಿರದ ಒಂದು ಹಳ್ಳಿ. ಎರೆಹೊಲ. ಮುಂಗಾರಿಗೆ ಹೆಸರು, ಹಿಂಗಾರಿಗೆ ಕಡಲೆ. ನಾನು ಒಂದರಿಂದ ಹತ್ತರವರೆಗೆ ಓದಿದ್ದು ಕನ್ನಡ ಮಾಧ್ಯಮದಲ್ಲಿ. ಪಿಯುಸಿಗೆ ಧಾರವಾಡಕ್ಕೆ ಹೋದೆ. ಸಪ್ತಾಪುರದಲ್ಲಿ ಮೂವರು ಹುಡುಗಿಯರು ಸೇರಿ ಒಂದು ರೂಮು ಮಾಡಿದ್ದೆವು. ಊಟ ಖಾನಾವಳಿಯಲ್ಲಿ.

ಕನ್ನಡ ಮಾಧ್ಯಮದ ಮಕ್ಕಳಿಗೆ ವಿಜ್ಞಾನ ಬರಲ್ಲ ಅನ್ನೋದು ಸುಳ್ಳು. ನನಗೆ ಜವ ಗೊತ್ತಿತ್ತು, ವೇಗ ಗೊತ್ತಿತ್ತು, ಸಂವೇಗ ಗೊತ್ತಿತ್ತು. ಪೀನ ಮಸೂರ, ನಿಮ್ನ ಮಸೂರ ಎರಡರ ಕಿರಣಚಿತ್ರವನ್ನೂ ಕಣ್ಣು ಮುಚ್ಚಿ ಬರೀತಿದ್ದೆ. ಆದರೆ ಕ್ಲಾಸಿನಲ್ಲಿ ಕಾನ್ವೆಕ್ಸ್, ಕಾನ್ಕೇವ್ ಅಂದ ಕೂಡಲೇ ಯಾವುದು ಪೀನ, ಯಾವುದು ನಿಮ್ನ ಅಂತ ಮನಸ್ಸಿನಲ್ಲೇ ಒಮ್ಮೆ ತಿರುಗಿಸಬೇಕಿತ್ತು. ಅಷ್ಟರಲ್ಲಿ ಸರ್ ಮುಂದಿನ ಸಾಲಿಗೆ ಹೋಗಿರುತ್ತಿದ್ದರು. ಒಂದು ಕೋಚಿಂಗ್ ಸೇರಿದ್ದೆ. ಮೊದಲ ಟೆಸ್ಟ್ ಆದ ಮೇಲೆ ನಮ್ಮಂಥ ಹತ್ತು ಹನ್ನೆರಡು ಜನರನ್ನು ಬೇರೆ ಬ್ಯಾಚಿಗೆ ಹಾಕಿದರು. ಅಲ್ಲಿ ಕಷ್ಟದ ಪಾಠಗಳನ್ನು ಬಿಟ್ಟು ಸುಲಭದವನ್ನಷ್ಟೇ ಮಾಡೋರು. ಆ ಸಿಟ್ಟು ಇವತ್ತಿಗೂ ಹೋಗಿಲ್ಲ.

432 ಬಂದ ಮೇಲೆ ಮನೆಗೆ ಫೋನುಗಳು ಶುರುವಾದವು. ಸೀಟು ಕೊಡಿಸ್ತೀವಿ, ಇಂತಿಷ್ಟು ಲಕ್ಷ ಆಗುತ್ತೆ ಅಂತ. ಅಪ್ಪ ಎರಡು ಸಲ ಕೇಳಿಸಿಕೊಂಡ, ಮೂರನೇ ಸಲ ಫೋನು ಎತ್ತಲಿಲ್ಲ. ನನ್ನನ್ನು ಕರೆದು ಕೇಳಿದ್ದು ಇಷ್ಟೇ: "ಇನ್ನೊಂದ್ ವರ್ಷ ಓದಿದ್ರ ಆಕ್ಕೈತೇನವಾ?" ಆಗುತ್ತೆ ಅಂದೆ. ಹೇಗೆ ಅಂತ ನನಗೂ ಗೊತ್ತಿರಲಿಲ್ಲ.

ಧಾರವಾಡದ ಖರ್ಚು ಮತ್ತೆ ಹೊರೋದು ಆಗದ ಮಾತಾಗಿತ್ತು. ಗದಗ-ಬೆಟಗೇರಿಯಲ್ಲಿ ನಮ್ಮ ಅತ್ತಿ ಮನೆ. ಅವರು ನೇಕಾರರ ಓಣಿಯಲ್ಲಿದ್ದಾರೆ. ಮುಂದಿನ ಕೋಣೆಯಲ್ಲಿ ಮಗ್ಗ, ಹಿಂದಿನ ಕೋಣೆಯಲ್ಲಿ ನಾನು. ಬೆಳಗ್ಗೆ ಶುರುವಾದ ಮಗ್ಗದ ಸದ್ದು ಕತ್ತಲಾಗೋವರೆಗೂ ನಿಲ್ಲುತ್ತಿರಲಿಲ್ಲ. ಮೊದಲ ವಾರ ತಲೆ ಸಿಡೀತು. ಆಮೇಲೆ ಆ ಸದ್ದು ನಿಂತರೇ ಓದು ನಿಲ್ಲುವಷ್ಟು ಅಭ್ಯಾಸವಾಯಿತು.

ಅಲ್ಲಿ ನಾನು ಮಾಡಿದ ಮೊದಲ ಕೆಲಸ ಓದೋದಲ್ಲ. ಉತ್ತರ ಗುರುತು ಹಾಕಿದ ನನ್ನ ಒಎಂಆರ್ ಹಾಳೆಯ ಪ್ರತಿ ಮತ್ತು ಸರಿ ಉತ್ತರಗಳ ಕೀ ಎರಡನ್ನೂ ಪ್ರಿಂಟ್ ಹಾಕಿಸಿಕೊಂಡು ಬಂದೆ. ಅತ್ತಿ ನೂಲಿನ ಲೆಕ್ಕ ಬರೆಯೋ ಉದ್ದನೆಯ ಪುಸ್ತಕ ಒಂದು ಖಾಲಿ ಇತ್ತು, ಅದನ್ನು ಕೇಳಿ ಇಸ್ಕೊಂಡೆ. ಸರಿ 121, ತಪ್ಪು 52, ಬಿಟ್ಟಿದ್ದು 7. ಸರಿಗೆ ನಾಲ್ಕು ಅಂಕ, ತಪ್ಪಿಗೆ ಒಂದು ಕಡಿತ. 484ರಲ್ಲಿ 52 ಹೋಗಿ 432.

ಆ 52 ಪ್ರಶ್ನೆಗಳನ್ನು ಒಂದೊಂದಾಗಿ ಪುಸ್ತಕಕ್ಕೆ ಇಳಿಸಿದೆ. ಪ್ರತಿ ಪ್ರಶ್ನೆಯ ಮುಂದೆ ನಾನು ಏನು ಗುರುತು ಹಾಕಿದೆ, ಯಾಕೆ ಹಾಕಿದೆ ಅಂತ ಬರೆದೆ. ಈ 'ಯಾಕೆ' ಬರೆಯೋದು ಬಹಳ ಕಷ್ಟ. 'ತಿಳೀಲಿಲ್ಲ' ಅಂತ ಬರೆದು ಮುಂದೆ ಹೋಗೋದು ಸುಲಭ. ಆದರೆ ನಿಜವಾಗಿ ಕೂತು ನೋಡಿದರೆ ಸುಮಾರು ಕಡೆ ಅದು ಸುಳ್ಳು. ಐದು ದಿನ ಹಿಡೀತು. ಕೊನೆಗೆ ಎಣಿಸಿದರೆ, ನನಗೆ ನಿಜವಾಗಿಯೂ ಗೊತ್ತಿಲ್ಲದೆ ತಪ್ಪಾದವು 14 ಮಾತ್ರ. ಉಳಿದ 38 ನಾನು ಓದಿದ್ದವೇ. ಪ್ರಶ್ನೆಯನ್ನು ತಪ್ಪಾಗಿ ಓದಿದ್ದೆ, ಅರ್ಧ ನೆನಪಿನ ಮೇಲೆ ಗುರುತು ಹಾಕಿದ್ದೆ, ಇಲ್ಲವೇ ಅವಸರ ಮಾಡಿದ್ದೆ. ಒಂದು ತಪ್ಪು ಸರಿಯಾದರೆ ಐದು ಅಂಕ ಹೆಚ್ಚು. 38ಕ್ಕೆ 190. ಹೊಸದಾಗಿ ಒಂದಕ್ಷರ ಓದದಿದ್ದರೂ 622 ಆಗುತ್ತಿತ್ತು. ಆ ಲೆಕ್ಕ ನೋಡಿ ಅಳು ಬಂತು, ಆಮೇಲೆ ಮುಖ ತೊಳೆದು ಬಂದು ಕೂತೆ.

ಒಂದು ಉದಾಹರಣೆ ಹೇಳ್ತೀನಿ. ಚಾರ್ಜ್ ಕೂಡಿಡೋ ಕೆಪ್ಯಾಸಿಟರಿನ ತಟ್ಟೆಗಳ ನಡುವೆ ಡೈಎಲೆಕ್ಟ್ರಿಕ್, ಅಂದರೆ ವಿದ್ಯುತ್ ಹರಿಯದ ವಸ್ತು, ಇಟ್ಟರೆ ಏನಾಗುತ್ತೆ ಅನ್ನೋದು ಪದೇ ಪದೇ ಬರೋ ಪ್ರಶ್ನೆ. ಬ್ಯಾಟರಿ ಜೋಡಿಸಿಯೇ ಇದ್ದರೆ ವೋಲ್ಟೇಜ್ ಹಾಗೇ ಇರುತ್ತದೆ, ಚಾರ್ಜ್ ಹೆಚ್ಚುತ್ತದೆ. ಬ್ಯಾಟರಿ ತೆಗೆದ ಮೇಲೆ ಇಟ್ಟರೆ ಚಾರ್ಜ್ ಹಾಗೇ ಇರುತ್ತದೆ, ವೋಲ್ಟೇಜ್ ಇಳಿಯುತ್ತದೆ. ನನಗೆ ಎರಡೂ ಗೊತ್ತಿತ್ತು. ಆದರೆ ಟೆಸ್ಟುಗಳಲ್ಲಿ ನಾಲ್ಕು ಸಲ ತಪ್ಪು ಮಾಡಿದ್ದೆ. ಪುಸ್ತಕದಲ್ಲಿ ಬರೆದಾಗ ಕಾರಣ ಸಿಕ್ಕಿತು. ಡೈಎಲೆಕ್ಟ್ರಿಕ್ ಅನ್ನೋ ಪದ ಕಂಡ ಕೂಡಲೇ ನಾನು ಸೂತ್ರಕ್ಕೆ ಓಡುತ್ತಿದ್ದೆ. ಬ್ಯಾಟರಿ ಇದೆಯೋ ಇಲ್ಲವೋ ಅನ್ನೋ ಅರ್ಧ ಸಾಲನ್ನು ಓದಿಯೇ ಇರುತ್ತಿರಲಿಲ್ಲ. ಅವತ್ತಿನಿಂದ ಬ್ಯಾಟರಿ ಪದದ ಕೆಳಗೆ ಗೆರೆ ಎಳೆಯದೆ ಲೆಕ್ಕ ಶುರು ಮಾಡಲಿಲ್ಲ. ಜೀವಶಾಸ್ತ್ರದಲ್ಲೂ ಇದೇ ಕಥೆ. 'ತಪ್ಪಾದ ಹೇಳಿಕೆ ಯಾವುದು' ಅಂತ ಕೇಳಿದರೆ ಮೊದಲು ಕಂಡ ಸರಿ ಹೇಳಿಕೆಗೇ ಗುರುತು ಹಾಕಿಬಿಡ್ತಿದ್ದೆ. 52ರಲ್ಲಿ ಒಂಬತ್ತು ಈ ಜಾತಿಯವು. ಅದಕ್ಕೆ ಮದ್ದು ಪೆನ್ನಿನಿಂದ ಆ ಪದದ ಸುತ್ತ ಸುತ್ತು ಹಾಕೋದು, ಅಷ್ಟೇ.

ಇನ್ನೊಂದು ಬದಲಾವಣೆ ಮಾಡಿದೆ. ಮೊದಲ ಸಲ ಇಂಗ್ಲಿಷ್ ಪ್ರಶ್ನೆಪತ್ರಿಕೆ ತಗೊಂಡಿದ್ದೆ, ಎರಡನೇ ಸಲ ಅರ್ಜಿಯಲ್ಲಿ ಕನ್ನಡ ಆರಿಸಿಕೊಂಡೆ. 2017ರಿಂದ ನೀಟ್ ಕನ್ನಡದಲ್ಲೂ ಇದೆ. ಕನ್ನಡ ಆರಿಸಿದರೆ ಇಂಗ್ಲಿಷ್ ಹೋಗಿಬಿಡುತ್ತೆ ಅಂತ ಬಹಳ ಮಂದಿ ಅಂದುಕೊಂಡಿದ್ದಾರೆ. ಹಾಗಿಲ್ಲ, ಎರಡೂ ಭಾಷೆ ಇರುತ್ತವೆ. ಎರಡರ ನಡುವೆ ವ್ಯತ್ಯಾಸ ಬಂದರೆ ಇಂಗ್ಲಿಷ್‌ನಲ್ಲಿ ಇರೋದೇ ಕೊನೆ ಮಾತು. ಎಲ್ಲ ಪ್ರಶ್ನೆಯನ್ನೂ ಎರಡು ಸಲ ಓದಿದರೆ ಸಮಯ ಸಾಲಲ್ಲ. ನಾನು ಇಂಗ್ಲಿಷ್‌ನಲ್ಲೇ ಓದುತ್ತಿದ್ದೆ, ಉದ್ದನೆಯ ಹೇಳಿಕೆಗಳು ಬಂದಾಗ ಮಾತ್ರ ಕನ್ನಡದ ಕಡೆ ಕಣ್ಣು ಹಾಯಿಸುತ್ತಿದ್ದೆ. ನನಗೆ ಅದು ತುಂಬಾ ಸಹಾಯವಾಯಿತು.

ಪ್ರತಿ ಭಾನುವಾರ ಮಧ್ಯಾಹ್ನ 2 ಗಂಟೆಗೇ ಟೆಸ್ಟ್ ಬರೀತಿದ್ದೆ, ಯಾಕಂದ್ರೆ ನಿಜವಾದ ಪರೀಕ್ಷೆಯೂ ಅದೇ ಹೊತ್ತಿಗೆ. ರೊಟ್ಟಿ ಉಂಡು ನಿದ್ದೆ ಎಳೆಯೋ ಸಮಯ ಅದು, ಅಭ್ಯಾಸ ಬೇಕು. ಸೋಮವಾರ ಪೂರ್ತಿ ತಪ್ಪುಗಳ ಪುಸ್ತಕಕ್ಕೆ. ಮಂಗಳವಾರದಿಂದ ಓದು. ಜೀವಶಾಸ್ತ್ರಕ್ಕೆ ಎನ್‌ಸಿಇಆರ್‌ಟಿ ಪಠ್ಯಪುಸ್ತಕ ಬಿಟ್ಟು ಬೇರೆ ಪುಸ್ತಕ ಮುಟ್ಟಲಿಲ್ಲ. ಅರ್ಧ ಅಂಕ, ಅಂದರೆ 360, ಅದರಿಂದಲೇ ಅಲ್ವಾ.

2024ರ ಮೇ 5ರಂದು ಹುಬ್ಬಳ್ಳಿಯಲ್ಲಿ ಪರೀಕ್ಷೆ. ಫಲಿತಾಂಶ ಬಂದದ್ದು ಜೂನ್ 4ಕ್ಕೆ, ಹೇಳಿದ್ದಕ್ಕಿಂತ ಹತ್ತು ದಿನ ಮೊದಲೇ. ಅವತ್ತೇ ಲೋಕಸಭೆ ಚುನಾವಣೆಯ ಮತ ಎಣಿಕೆ. ಅತ್ತಿ ಮನೆಯ ಟಿವಿಯಲ್ಲಿ ಓಟಿನ ಲೆಕ್ಕ, ನನ್ನ ಕೈಯಲ್ಲಿ ಮೊಬೈಲು. 611 ಬಂದಿತ್ತು. ಕುಣಿದಾಡಿಬಿಟ್ಟೆ. ಅರ್ಧ ಗಂಟೆ ಕಳೆಯೋದರೊಳಗೆ ಗೆಳತಿಯರ ಫೋನು. ಅವಳಿಗೆ 640, ಇವಳಿಗೆ 655. ದೇಶದಲ್ಲಿ 67 ಮಂದಿಗೆ 720ಕ್ಕೆ 720. ಹಿಂದಿನ ವರ್ಷವಾಗಿದ್ದರೆ 611 ದೊಡ್ಡ ಅಂಕ. ಆ ವರ್ಷ ಎಲ್ಲರ ಅಂಕವೂ ಏರಿತ್ತು. ಅಪ್ಪ ಫೋನಿನಲ್ಲಿ "ಆರನೂರಾ ಹನ್ನೊಂದು ಭಾಳ ಆತಲ್ಲವಾ?" ಅಂತ ಖುಷಿಯಿಂದ ಕೇಳಿದರೆ ಏನು ಹೇಳಬೇಕು ತಿಳೀಲಿಲ್ಲ.

ಆಮೇಲೆ ಕೃಪಾಂಕದ ಗಲಾಟೆ, ಪ್ರಶ್ನೆಪತ್ರಿಕೆ ಸೋರಿಕೆಯ ಸುದ್ದಿ, ಸುಪ್ರೀಂ ಕೋರ್ಟು. ಎರಡು ತಿಂಗಳು ಪರೀಕ್ಷೆ ರದ್ದಾಗುತ್ತೋ ಇಲ್ಲವೋ ಅನ್ನೋದೇ ಗೊತ್ತಿಲ್ಲ. ಪುಸ್ತಕ ತೆಗೀಬೇಕೋ ಬೇಡವೋ ತಿಳೀತಿರಲಿಲ್ಲ. ರದ್ದಾಗಲಿಲ್ಲ. ಆದರೆ ನನ್ನ ಐದು ಅಂಕ ಹೋಯಿತು. ಭೌತಶಾಸ್ತ್ರದಲ್ಲಿ ಪರಮಾಣುವಿನ ಮೇಲೆ ಎರಡು ಹೇಳಿಕೆಗಳ ಒಂದು ಪ್ರಶ್ನೆ ಇತ್ತು. ಪ್ರತಿಯೊಂದು ಧಾತುವಿನ ಪರಮಾಣುವೂ ಸ್ಥಿರ ಅನ್ನೋದು ಎರಡನೇ ಹೇಳಿಕೆ. ಹಳೆಯ ಎನ್‌ಸಿಇಆರ್‌ಟಿ ಪ್ರಕಾರ ಅದು ಸರಿ, ಹೊಸ ಮುದ್ರಣದ ಪ್ರಕಾರ ತಪ್ಪು. ಮೊದಲು ಎರಡೂ ಉತ್ತರಕ್ಕೆ ಅಂಕ ಕೊಟ್ಟಿದ್ದರು. ಸುಪ್ರೀಂ ಕೋರ್ಟು ದೆಹಲಿ ಐಐಟಿಯ ತಜ್ಞರನ್ನು ಕೇಳಿತು. ಅವರು ಹೊಸ ಮುದ್ರಣದ ಉತ್ತರವೊಂದೇ ಸರಿ ಅಂದರು. ಜುಲೈ 26ಕ್ಕೆ ಪರಿಷ್ಕೃತ ಫಲಿತಾಂಶ ಬಂತು. ನಾನು ಓದಿದ್ದು ಅತ್ತಿಯ ಮಗ ಓದಿ ಬಿಟ್ಟಿದ್ದ ಹಳೇ ಪುಸ್ತಕ. 611 ಇದ್ದದ್ದು 606 ಆಯಿತು. ದಯವಿಟ್ಟು ಹೊಸ ಮುದ್ರಣವನ್ನೇ ಕೊಳ್ಳಿ. ಮನೆಯಲ್ಲಿ ಕಷ್ಟ ಇದ್ದರೆ ಲೈಬ್ರರಿಗೆ ಹೋಗಿ ಹಳೇದರ ಜೊತೆ ಸಾಲು ಸಾಲು ತಾಳೆ ನೋಡಿ.

ಇನ್ನು ಕಾಗದಪತ್ರ. ಇದನ್ನು ಯಾರೂ ಹೇಳಿಕೊಡಲ್ಲ, ಅದಕ್ಕೇ ಸ್ವಲ್ಪ ಬಿಡಿಸಿ ಬರೀತೀನಿ. ನೀಟ್ ಬರೆದರೆ ಸಾಲದು, ರಾಜ್ಯದ ಸೀಟಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರಕ್ಕೆ (ಕೆಇಎ) ಬೇರೆ ಅರ್ಜಿ ಹಾಕಬೇಕು. ಅಲ್ಲಿ ಜಾತಿ, ಆದಾಯ, ಗ್ರಾಮೀಣ, ಕನ್ನಡ ಮಾಧ್ಯಮ ಎಲ್ಲವನ್ನೂ ನಾವೇ ಕೇಳಿಕೊಳ್ಳಬೇಕು. ಗ್ರಾಮೀಣ ಮೀಸಲಾತಿಗೆ ಒಂದರಿಂದ ಹತ್ತರವರೆಗೆ ಹಳ್ಳಿಯಲ್ಲೇ ಓದಿರಬೇಕು. ನಾನು ಏಳನೇ ತರಗತಿವರೆಗೆ ನಮ್ಮೂರ ಶಾಲೆಯಲ್ಲಿದ್ದೆ. ಎಂಟರಿಂದ ಗಜೇಂದ್ರಗಡಕ್ಕೆ ಹೋದೆ, ಅಲ್ಲಿ ಪುರಸಭೆ ಇದೆ. ದಿನಾ ಬಸ್ಸಿನಲ್ಲಿ ಹಳ್ಳಿಯಿಂದಲೇ ಹೋಗಿ ಬಂದರೂ ಲೆಕ್ಕಕ್ಕೆ ಬರೋದು ಶಾಲೆ ಇರೋ ಜಾಗ. ಮೂರು ವರ್ಷಕ್ಕೆ ಗ್ರಾಮೀಣ ಕೈತಪ್ಪಿತು. ಇದು ಗೊತ್ತಾದ ದಿನ ಅಪ್ಪ ಊಟ ಬಿಟ್ಟು ಎದ್ದ. ದೊಡ್ಡ ಸಾಲಿ ಅಂತ ಆಸೆಯಿಂದ ಅಲ್ಲಿಗೆ ಸೇರಿಸಿದ್ದು ಅವನೇ.

ಉಳಿದದ್ದು ಕನ್ನಡ ಮಾಧ್ಯಮ. ಅದಕ್ಕೆ ಹತ್ತೂ ವರ್ಷ ಕನ್ನಡದಲ್ಲಿ ಓದಿದ್ದಕ್ಕೆ ಶಾಲೆಯ ಮುಖ್ಯೋಪಾಧ್ಯಾಯರ ಪ್ರಮಾಣಪತ್ರ, ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಸಹಿ. ನನ್ನದು ಎರಡು ಶಾಲೆ, ಎರಡು ಪ್ರಮಾಣಪತ್ರ. ಒಂದರಲ್ಲಿ 1ರಿಂದ 7 ಅನ್ನೋ ಬದಲು 1ರಿಂದ 5 ಅಂತ ಬರೆದುಬಿಟ್ಟಿದ್ದರು. ನಾನೂ ನೋಡಿರಲಿಲ್ಲ. ಕಚೇರಿಯ ಗುಮಾಸ್ತರು ಹಾಳೆ ತಿರುಗಿಸಿ, "ತಂಗಿ, ಆರು ಏಳು ಎಲ್ಲಿ ಓದೀಯವಾ?" ಅಂದಾಗ ಎದೆ ಧಸಕ್ ಅಂತು. ಮತ್ತೆ ಊರಿಗೆ ಹೋಗಿ ಬರೆಸಿಕೊಂಡು ಬರೋದರಲ್ಲಿ ಎರಡು ದಿನ ಹೋದವು. ಕಾಗದ ಕೈಗೆ ಬಂದ ಕೂಡಲೇ ಅಲ್ಲೇ ನಿಂತು ಹೆಸರು, ತಂದೆ ಹೆಸರು, ತರಗತಿ, ವರ್ಷ ಎಲ್ಲ ಓದಿ.

ಬೇಕಾದ ಕಾಲೇಜುಗಳನ್ನು ಆರಿಸಿ ಹಾಕೋ ಆಪ್ಷನ್ ಎಂಟ್ರಿಯಲ್ಲಿ ಒಂದೇ ಕಾಲೇಜು ಬೇರೆ ಬೇರೆ ಫೀ ಜೊತೆ ಬೇರೆ ಬೇರೆ ಸಾಲಿನಲ್ಲಿ ಬರುತ್ತದೆ. ಫೀ ನೋಡದೆ ಒತ್ತಿದರೆ ಲಕ್ಷಗಟ್ಟಲೆಯ ಸೀಟು ತಲೆ ಮೇಲೆ ಬೀಳಬಹುದು. ನಾನು ಸರ್ಕಾರಿ ಕಾಲೇಜುಗಳನ್ನು ಮೊದಲು ಕಾಗದದ ಮೇಲೆ ಬರೆದುಕೊಂಡೆ. ಹುಬ್ಬಳ್ಳಿ, ಗದಗ, ಹಾವೇರಿ, ಆಮೇಲೆ ದೂರದವು. ಕೊಪ್ಪಳ ನಮ್ಮೂರಿಗೆ ಹತ್ತಿರ, ಆದರೆ ಸಂವಿಧಾನದ 371ಜೆ ವಿಧಿ ಪ್ರಕಾರ ಅಲ್ಲಿ ಶೇ 70 ಸೀಟು ಕಲ್ಯಾಣ ಕರ್ನಾಟಕದವರಿಗೆ. ನಮ್ಮ ಹೊಲ ದಾಟಿ ಸ್ವಲ್ಪ ದೂರ ಹೋದರೆ ಕೊಪ್ಪಳ ಜಿಲ್ಲೆ, ನಾವು ಈಚೆ ಗದಗ ಜಿಲ್ಲೆಯಲ್ಲಿ. ಹಾಗಂತ ಬಿಡಲಿಲ್ಲ, ಅದನ್ನೂ ಹಾಕಿದೆ. ಮೊದಲ ಸುತ್ತಿನಲ್ಲಿ ಚಾಮರಾಜನಗರ ಬಂತು. ಸೀಟು ಉಳಿಸಿಕೊಂಡೇ ಮುಂದಿನ ಸುತ್ತಿಗೆ ಕಾದೆ. ಎರಡನೇ ಸುತ್ತಿನಲ್ಲಿ ಹಾವೇರಿ. ಅಲಾಟ್‌ಮೆಂಟ್ ಪತ್ರದಲ್ಲಿ ವರ್ಗ ಅನ್ನೋ ಕಡೆ 2ಎಕೆ ಅಂತಿತ್ತು. 2ಎ ಅಂದರೆ ನಮ್ಮ ಹಿಂದುಳಿದ ವರ್ಗ, ಆ 'ಕೆ' ಅಂದರೆ ಕನ್ನಡ ಮಾಧ್ಯಮ.

2025ರಿಂದ ನೀಟ್ ಸ್ವಲ್ಪ ಬದಲಾಗಿದೆ. ನಮಗೆ 200 ಪ್ರಶ್ನೆಯಲ್ಲಿ 180 ಆರಿಸಿಕೊಳ್ಳೋ ಅವಕಾಶ ಇತ್ತು, ಸಮಯ 200 ನಿಮಿಷ. ಈಗ 180 ಪ್ರಶ್ನೆ, 180 ನಿಮಿಷ, ಹಾಗೆ ಆರಿಸಿಕೊಳ್ಳೋ ಅವಕಾಶ ಇಲ್ಲ. ಹಾಗಾಗಿ ಅವಸರದ ತಪ್ಪು ಇನ್ನೂ ಜಾಸ್ತಿ ಆಗುತ್ತೆ.

ಕಳೆದ ರಜೆಗೆ ಊರಿಗೆ ಹೋದಾಗ ಪಕ್ಕದ ಮನೆಯ ಕಾಕಾ ಮಗಳನ್ನು ಎಂಟನೇ ತರಗತಿಗೆ ಗಜೇಂದ್ರಗಡಕ್ಕೆ ಹಾಕೋ ಮಾತಾಡ್ತಿದ್ದರು. ಅವಳಿಗೂ ಡಾಕ್ಟರ್ ಆಗೋ ಆಸೆ. ಕಟ್ಟೆ ಮೇಲೆ ಕೂತು ಒಂದು ತಾಸು ಎಲ್ಲ ಹೇಳಿದೆ, ನನ್ನ ಪತ್ರಗಳನ್ನೂ ತೋರಿಸಿದೆ. ಮುಂದಿನ ಹಳ್ಳಿಯಲ್ಲಿ ಸರ್ಕಾರಿ ಹೈಸ್ಕೂಲ್ ಇದೆ, ಕನ್ನಡ ಮಾಧ್ಯಮ. ಅವಳನ್ನು ಅಲ್ಲಿಗೇ ಸೇರಿಸಿದ್ದಾರೆ. ದಿನಾ ಸೈಕಲ್ ಮೇಲೆ ಹೋಗಿ ಬರ್ತಾಳೆ.