ನ್ಯೂಜರ್ಸಿಯ ಪೈನ್ ಕಾಡಿನಲ್ಲಿ ನಡೆಯುವ ಮುನ್ನ

ಅಮೆರಿಕದ ನ್ಯೂಜರ್ಸಿಯ ಪೈನ್ ಬ್ಯಾರನ್ಸ್ ಎಂಬ ಮರಳು ನೆಲದ ಪೈನ್ ಕಾಡಿನಲ್ಲಿ ಏರಿಳಿತ ಕಡಿಮೆ. ಆಪಲ್ ಪೈ ಹಿಲ್ ಎಂಬ ಗುಡ್ಡವೂ ಸುಮಾರು 200 ಅಡಿಯಷ್ಟೇ. ಆದರೂ ಕಾಲು ಬೇಗ ಸೋಲುತ್ತದೆ. ಕಾರಣ ಮರಳು. ಸಡಿಲ ಮರಳಿನಲ್ಲಿ ಗಂಟೆಗೆ 3 ಕಿ.ಮೀ. ಲೆಕ್ಕ ಹಿಡಿಯಿರಿ. ಕಾರನ್ನು ಡಾಂಬರು ರಸ್ತೆಯ ಬಳಿಯೇ ನಿಲ್ಲಿಸಿ. ಮರಳು ದಾರಿಗಿಳಿದರೆ ಚಕ್ರ ಹೂತುಹೋಗುತ್ತದೆ.

ಈ ಕಾಡಿನಲ್ಲಿ ಹಾಯುವ, 80 ಕಿ.ಮೀ.ಗೂ ಹೆಚ್ಚು ಉದ್ದದ ಬಟೋನಾ ಕಾಲುಹಾದಿಗೆ ಮರಗಳ ಮೇಲಿನ ಗುಲಾಬಿ ಪಟ್ಟಿಯೇ ಗುರುತು. ಒಂದರ ಮೇಲೊಂದು ಎರಡು ಪಟ್ಟಿ ಕಂಡರೆ ತಿರುವು ಇದೆ ಎಂದರ್ಥ. ಹಲವು ಮರಳು ದಾರಿಗಳು ಅಡ್ಡ ಹಾಯುವಲ್ಲೇ ಜನ ತಪ್ಪುತ್ತಾರೆ. ಐದು ನಿಮಿಷ ಪಟ್ಟಿ ಕಾಣದಿದ್ದರೆ ಕೊನೆಯದಕ್ಕೆ ಹಿಂತಿರುಗಿ. ಮೊಬೈಲ್ ಸಿಗ್ನಲ್ ನಂಬಬೇಡಿ, ನಕ್ಷೆ ಮೊದಲೇ ಇಳಿಸಿಕೊಳ್ಳಿ.

ನಿಜವಾದ ಅಪಾಯ ಉಣುಗು. ಜ್ವರ, ಕೀಲುನೋವು ತರುವ ಲೈಮ್ ರೋಗ ಹರಡುವುದು ಅದರಿಂದಲೇ. ತಿಳಿ ಬಣ್ಣದ ಪ್ಯಾಂಟನ್ನು ಕಾಲುಚೀಲದೊಳಗೆ ತುರುಕಿ. ಬಟ್ಟೆಗೆ 0.5% ಪರ್ಮೆಥ್ರಿನ್ ಎಂಬ ಕೀಟನಾಶಕ ಸಿಂಪಡಿಸಿ, ಪೂರ್ತಿ ಒಣಗಿದ ಮೇಲೆ ತೊಡಿ, ಚರ್ಮಕ್ಕೆ ಹಚ್ಚಬಾರದು. ಮನೆಗೆ ಬಂದು ಮಂಡಿಯ ಹಿಂಭಾಗ, ಕಂಕುಳು, ತಲೆಗೂದಲು ತಡವಿ ನೋಡಿ. ಕಚ್ಚಿದ್ದರೆ ಚೂಪು ಚಿಮಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೇರ ಎಳೆಯಿರಿ, ತಿರುಚಬೇಡಿ.

ತೊರೆಗಳ ನೀರು ಚಹಾದ ಬಣ್ಣ: ಗಿಡಮರಗಳ ಟ್ಯಾನಿನ್ (ಒಗರು ರಸ) ಮತ್ತು ಕಬ್ಬಿಣದ ಅಂಶ. ನೋಡಲು ಬಲು ಚೆಂದ, ಆದರೆ ಹಾಗೆಯೇ ಕುಡಿಯಬೇಡಿ. ಅರ್ಧ ದಿನಕ್ಕೆ ತಲಾ 2 ಲೀಟರ್ ಒಯ್ಯಿರಿ. ಬೇಟೆಯ ಕಾಲದಲ್ಲಿ ಕಣ್ಣಿಗೆ ಹೊಡೆಯುವ ಕಿತ್ತಳೆ ಬಣ್ಣದ ಮೇಲಂಗಿ ಇರಲಿ.