ಹಸಿವಿಗಿಂತ ಅರ್ಧ ಗಂಟೆ ಮುಂದೆ: ಥೀಮ್ ಪಾರ್ಕ್ ರಜೆಯಲ್ಲಿ ನಮ್ಮ ಊಟ

ಥೀಮ್ ಪಾರ್ಕ್‌ನಲ್ಲಿ ಕೆಟ್ಟ ಊಟವನ್ನು ಯಾರೂ ಬೇಕೆಂದು ಆರಿಸಿಕೊಳ್ಳುವುದಿಲ್ಲ. ಕಾಲು ಸೋತಿರುತ್ತದೆ, ಬಿಸಿಲು ನೆತ್ತಿ ಸುಡುತ್ತಿರುತ್ತದೆ, ಮಗು ರಚ್ಚೆ ಹಿಡಿದಿರುತ್ತದೆ. ಆಗ ಕಣ್ಣಿಗೆ ಮೊದಲು ಬಿದ್ದ ಅಂಗಡಿಯ ಮುಂದೆ ನಿಂತು, ಫಲಕದಲ್ಲಿ ದಪ್ಪಕ್ಷರದಲ್ಲಿ ಬರೆದದ್ದನ್ನೇ ಕೇಳಿಬಿಡುತ್ತೇವೆ. ಯಾವುದು ಒಳ್ಳೆಯ ಊಟ ಎಂಬುದು ಎಲ್ಲರಿಗೂ ಗೊತ್ತಿರುತ್ತದೆ, ಹೊಟ್ಟೆ ಚುರುಗುಟ್ಟುವಾಗ ಆ ತಿಳಿವಳಿಕೆ ಕೆಲಸಕ್ಕೆ ಬರುವುದಿಲ್ಲ. ಹೀಗಾಗಿ ಇಂಥ ಪ್ರವಾಸಕ್ಕೆ ಹೊರಟಾಗ ನಾನು ಏನು ತಿನ್ನಬೇಕು ಎನ್ನುವುದಕ್ಕಿಂತ ಮೊದಲು ಯಾವಾಗ ತಿನ್ನಬೇಕು ಎನ್ನುವುದನ್ನು ಗೊತ್ತುಮಾಡುತ್ತೇನೆ. ಹಸಿವಾಗುವುದಕ್ಕೆ ಅರ್ಧ ಗಂಟೆ ಮುಂಚೆಯೇ ತಿನ್ನಬೇಕು. ನಮ್ಮ ಉಳಿದ ಏರ್ಪಾಡುಗಳೆಲ್ಲ ಈ ಒಂದು ನಿಯಮವನ್ನು ಉಳಿಸಿಕೊಳ್ಳುವುದಕ್ಕೆ.

ನನ್ನ ಹಠಕ್ಕೆ ಕಾರಣವಿದೆ. ಜೊತೆಗೆ ಬರುವ ಅಪ್ಪನಿಗೆ ಮಧುಮೇಹ, ನನಗೆ ರಕ್ತದೊತ್ತಡ. ಮಗಳಿಗೆ ಇನ್ನೂ ಐದು ತುಂಬಿಲ್ಲ. ಮಗ ಬೆಳೆಯುವ ವಯಸ್ಸಿನವನು, ಯಾವ ಹೊತ್ತಿನಲ್ಲಿ ಕೇಳಿದರೂ ಹಸಿವೇ. ಇಷ್ಟು ಬಗೆಯ ಹೊಟ್ಟೆಗಳನ್ನು ಬೆಳಗಿನಿಂದ ರಾತ್ರಿಯವರೆಗೆ ಒಂದೇ ಆವರಣದೊಳಗೆ ಸಂಭಾಳಿಸಬೇಕು.

ಟಿಕೆಟ್ ಕಾಯ್ದಿರಿಸಿದ ದಿನವೇ ಆ ಪಾರ್ಕಿನ ಆಹಾರ ನಿಯಮವನ್ನು ಓದುತ್ತೇನೆ. ಒಂದೊಂದು ಪಾರ್ಕಿಗೆ ಒಂದೊಂದು ನಿಯಮ. ಕೆಲವು ಹೊರಗಿನ ತಿಂಡಿಯನ್ನು ಗೇಟಿನಲ್ಲೇ ತಡೆಯುತ್ತವೆ. ಫ್ಲಾರಿಡಾದ ವಾಲ್ಟ್ ಡಿಸ್ನಿ ವರ್ಲ್ಡ್ ಒಳಗೆ ಬಿಡುತ್ತದೆ, ಆದರೆ ಗಾಜಿನ ಡಬ್ಬಿ ಇರಬಾರದು, ಬಿಡಿ ಐಸ್ ಅಥವಾ ಡ್ರೈ ಐಸ್ ಇರಬಾರದು, ಬಿಸಿ ಮಾಡಿ ತಿನ್ನಬೇಕಾದ ಪದಾರ್ಥ ಇರಬಾರದು. ಅಲ್ಲಿನ ತ್ವರಿತ ಸೇವೆಯ ಕೌಂಟರ್‌ಗಳಲ್ಲಿ ಪಾನೀಯದ ಯಂತ್ರವಿದ್ದರೆ ಕಪ್‌ನಲ್ಲಿ ತಣ್ಣೀರನ್ನು ಉಚಿತವಾಗಿ ಕೊಡುತ್ತಾರೆ, ಕೇಳಬೇಕು ಅಷ್ಟೇ. ಹೊರಗಿನ ಆಹಾರ ನಿಷಿದ್ಧವಾಗಿರುವ ಕಡೆಗಳಲ್ಲೂ ಎಳೆಯ ಮಕ್ಕಳಿಗೆ, ಕಾಯಿಲೆ ಇರುವವರಿಗೆ ವಿನಾಯಿತಿ ಸಿಗುವುದುಂಟು. ಅದನ್ನು ಮೊದಲೇ ವಿಚಾರಿಸಿ, ಅಪ್ಪನ ವೈದ್ಯರ ಚೀಟಿಯ ಪ್ರತಿಯನ್ನು ಮೊಬೈಲ್‌ನಲ್ಲಿ ಇಟ್ಟುಕೊಳ್ಳುತ್ತೇನೆ.

ತಂಗುವ ಕೋಣೆಯಲ್ಲಿ ಒಂದು ಚಿಕ್ಕ ಫ್ರಿಜ್, ನೀರು ಕಾಯಿಸುವ ಕೆಟಲ್ ಇರಲೇಬೇಕು. ಈಜುಕೊಳ ಇಲ್ಲದಿದ್ದರೂ ಆದೀತು. ಬೆಳಗಿನ ಉಪಾಹಾರ ಕೋಣೆಯಲ್ಲೇ ಮುಗಿಯುತ್ತದೆ: ಓಟ್ಸ್, ಹಾಲು, ಬಾಳೆಹಣ್ಣು, ಮೊಸರು, ಒಂದು ಹಿಡಿ ಬಾದಾಮಿ. ನಾರಿನಂಶ ಮತ್ತು ಪ್ರೊಟೀನ್ ಎರಡೂ ಇರುವ ಉಪಾಹಾರ ನಿಧಾನವಾಗಿ ಕರಗುತ್ತದೆ. ಬರೀ ಸಿಹಿ ಬನ್ನು ತಿಂದು ಹೊರಟರೆ ಗೇಟು ದಾಟುವಷ್ಟರಲ್ಲಿ ಮಕ್ಕಳು ಮತ್ತೆ ಕೈ ಚಾಚುತ್ತಾರೆ.

ಇನ್ನು ಚೀಲದ ವಿಷಯ. ಇದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ದಿನದ ಗತಿ ನಿರ್ಧಾರವಾಗುವುದು ಹಿಂದಿನ ರಾತ್ರಿ. ಮಲಗುವ ಮುನ್ನ ಪ್ಲಾಸ್ಟಿಕ್ ಬಾಟಲಿಗಳಿಗೆ ಮೂರನೇ ಒಂದು ಭಾಗದಷ್ಟು ನೀರು ತುಂಬಿ, ಅಡ್ಡ ಮಲಗಿಸಿ ಫ್ರೀಜರ್‌ನಲ್ಲಿಡುತ್ತೇನೆ. ನೀರು ಹೆಪ್ಪುಗಟ್ಟುವಾಗ ಹಿಗ್ಗುವುದರಿಂದ ಜಾಗ ಬಿಡಲೇಬೇಕು. ಬೆಳಿಗ್ಗೆ ಬಾಟಲಿಯ ಒಂದು ಪಕ್ಕದುದ್ದಕ್ಕೂ ಐಸ್ ಅಂಟಿಕೊಂಡಿರುತ್ತದೆ, ಉಳಿದ ಜಾಗಕ್ಕೆ ನೀರು ತುಂಬಿದರೆ ಕೂಡಲೇ ಕುಡಿಯಬಹುದು. ಬಿಡಿ ಐಸ್ ಬೇಡ ಎನ್ನುವ ಪಾರ್ಕುಗಳಲ್ಲೂ ಇದಕ್ಕೆ ಆಕ್ಷೇಪ ಬಂದಿಲ್ಲ. ಶಾಖ ತಡೆಯುವ ಚೀಲದೊಳಗೆ ಈ ಬಾಟಲಿಗಳ ನಡುವೆ ಮೊಸರಿನ ಡಬ್ಬಿ, ಚೀಸ್, ಬೇಯಿಸಿದ ಮೊಟ್ಟೆ ಇರುತ್ತವೆ. ಇವುಗಳಿಗೆ ನನ್ನ ಗಡಿಯಾರ ಕಟ್ಟುನಿಟ್ಟು. ತಂಪು ಆರಿದ ಮೇಲೆ ಎರಡು ಗಂಟೆ, ಬಿಸಿಲು 32 ಡಿಗ್ರಿ ಸೆಲ್ಸಿಯಸ್ ದಾಟಿದ್ದರೆ ಒಂದೇ ಗಂಟೆ, ಆಮೇಲೆ ಉಳಿದದ್ದು ಕಸದ ಬುಟ್ಟಿಗೆ. 4ರಿಂದ 60 ಡಿಗ್ರಿಯ ನಡುವೆ ಬ್ಯಾಕ್ಟೀರಿಯಾಗಳು ವೇಗವಾಗಿ ಹೆಚ್ಚುತ್ತವೆ, ವಾಸನೆ ನೋಡಿ ಅದನ್ನು ಕಂಡುಹಿಡಿಯಲು ಆಗುವುದಿಲ್ಲ. ಹೀಗಾಗಿ ಕೆಡುವಂಥವನ್ನು ಮಧ್ಯಾಹ್ನಕ್ಕೆ ಮೊದಲೇ ಖಾಲಿ ಮಾಡುತ್ತೇವೆ. ಸಂಜೆಯ ಪಾಲಿಗೆ ಇಡೀ ಸೇಬು, ಕಿತ್ತಳೆ, ಉಪ್ಪು ಹಾಕದ ಬೀಜಗಳು, ಒಣ ಬ್ರೆಡ್ಡು. ಸೇಬನ್ನು ಹೆಚ್ಚಿ ಒಯ್ಯುವುದಾದರೆ ಹೋಳುಗಳ ಮೇಲೆ ನಿಂಬೆರಸ ಹಿಂಡುತ್ತೇನೆ, ಬೇಗ ಕಂದುವುದಿಲ್ಲ. ಮಗಳ ದ್ರಾಕ್ಷಿಯನ್ನು ಮಾತ್ರ ಒಂದೊಂದನ್ನೂ ಉದ್ದಕ್ಕೆ ಸೀಳಿಯೇ ಡಬ್ಬಿಗೆ ಹಾಕುತ್ತೇನೆ. ಚಿಕ್ಕ ಮಕ್ಕಳ ಗಂಟಲಿಗೆ ಇಡೀ ದ್ರಾಕ್ಷಿ ಅಪಾಯ, ನಡೆಯುತ್ತಾ ತಿನ್ನುವಾಗ ಇನ್ನೂ ಅಪಾಯ. ಇಡೀ ಬಾದಾಮಿಯೂ ಹಾಗೆಯೇ, ಅವಳ ಪಾಲಿನದನ್ನು ಪುಡಿಮಾಡಿ ಓಟ್ಸ್‌ಗೆ ಬೆರೆಸುತ್ತೇನೆ.

ಮಧ್ಯಾಹ್ನದ ಊಟಕ್ಕೆ ನಾವು ಹನ್ನೊಂದು ಗಂಟೆಗೆ ಕುಳಿತುಬಿಡುತ್ತೇವೆ. ಆ ಹೊತ್ತಿಗೆ ಕೌಂಟರ್‌ನಲ್ಲಿ ಸಾಲಿರುವುದಿಲ್ಲ, ನೆರಳಿನ ಮೇಜು ಸಿಗುತ್ತದೆ, ಸಾಸ್ ಬೇರೆ ಕೊಡಿ, ಫ್ರೆಂಚ್ ಫ್ರೈಸ್ ಬದಲು ಸಲಾಡ್ ಕೊಡಿ ಎಂದರೆ ಕೇಳಿಸಿಕೊಳ್ಳುವ ವ್ಯವಧಾನ ಸಿಬ್ಬಂದಿಗೂ ಇರುತ್ತದೆ. ಒಂದು ಗಂಟೆಯ ನೂಕುನುಗ್ಗಲಿನಲ್ಲಿ ಅದೇ ಮಾತನ್ನು ಹೇಳಲು ನಮಗೇ ಸಂಕೋಚವಾಗುತ್ತದೆ. ಮೆನುವನ್ನು ಹಿಂದಿನ ರಾತ್ರಿಯೇ ಮೊಬೈಲ್‌ನಲ್ಲಿ ನೋಡಿ ಆರಿಸಿಟ್ಟಿರುವುದರಿಂದ ಫಲಕದ ಮುಂದೆ ನಿಂತು ಚರ್ಚೆಯಿಲ್ಲ. ನಾನು ಹುಡುಕುವುದು ಸುಟ್ಟ, ಬೇಯಿಸಿದ ಪದಾರ್ಥಗಳನ್ನು, ಬೇಳೆಕಾಳು ಅಥವಾ ತರಕಾರಿ ಇರುವ ಬಟ್ಟಲುಗಳನ್ನು. ಕರಿದದ್ದು, ಗರಿಗರಿ, ಡಬಲ್ ಚೀಸ್ ಎಂಬ ಪದಗಳಿದ್ದರೆ ಮುಂದಿನ ಸಾಲಿಗೆ ಹೋಗುತ್ತೇನೆ. ತಟ್ಟೆಗಳು ದೊಡ್ಡವಾಗಿದ್ದರೆ ಎರಡು ತಟ್ಟೆಯನ್ನು ಮೂವರು ಹಂಚಿಕೊಳ್ಳುತ್ತೇವೆ.

ಮಕ್ಕಳ ಊಟದ ಪಟ್ಟಿಯನ್ನು ದೊಡ್ಡವರೂ ನೋಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. 2006ರಲ್ಲಿ ಡಿಸ್ನಿ ಸಂಸ್ಥೆ ತನ್ನ ಪಾರ್ಕುಗಳ ಮಕ್ಕಳ ಊಟದ ಜೊತೆ ಫ್ರೆಂಚ್ ಫ್ರೈಸ್, ಸೋಡಾ ಬದಲು ಹಣ್ಣು, ತರಕಾರಿ, ಹಾಲಿನಂಥವನ್ನೇ ತಾನಾಗಿ ಕೊಡುವ ನಿಯಮ ತಂದಿತು. ಬೇಡವೆಂದವರು ಬದಲಾಯಿಸಿಕೊಳ್ಳಬಹುದು, ಆದರೆ ಕೇಳದೆ ಬರುವುದು ಒಳ್ಳೆಯದು. ದಣಿದ ತಾಯಿತಂದೆಯರಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ. ಮಕ್ಕಳ ಊಟದ ಅಳತೆಯೂ ಎಷ್ಟೋ ಕಡೆ ಅಪ್ಪನಿಗೆ ಸರಿಯಾಗಿ ಸಾಕಾಗುತ್ತದೆ.

ಊಟಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ಕುಡಿಯುವುದರಲ್ಲಿ. ಅರ್ಧ ಲೀಟರ್ ಕೋಲಾದಲ್ಲಿ 50 ಗ್ರಾಂಗೂ ಹೆಚ್ಚು ಸಕ್ಕರೆ ಇರುತ್ತದೆ. ಹೊರಗಿನಿಂದ ಬೆರೆಯುವ ಸಕ್ಕರೆ ದಿನದ ಒಟ್ಟು ಶಕ್ತಿಯ ಶೇ. 10ಕ್ಕಿಂತ ಕಡಿಮೆ ಇರಬೇಕು, ಶೇ. 5ಕ್ಕಿಂತ ಕಡಿಮೆಯಾದರೆ ಇನ್ನೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ದಿನಕ್ಕೆ 2,000 ಕ್ಯಾಲೊರಿ ಸೇವಿಸುವವರಿಗೆ ಆ ಶೇ. 10 ಎಂದರೆ 50 ಗ್ರಾಂ. ಅಂದರೆ ಒಂದೇ ಬಾಟಲಿಗೆ ದಿನದ ಪಾಲು ಮುಗಿಯಿತು, ಬಾಯಾರಿಕೆ ಹಾಗೆಯೇ ಉಳಿಯಿತು. ದಿನವಿಡೀ ಮರುಭರ್ತಿ ಮಾಡಿಸಿಕೊಳ್ಳುವ ಕಪ್‌ಗಳನ್ನು ನಾನು ಕೊಳ್ಳುವುದೇ ಇಲ್ಲ. ದುಡ್ಡು ಕೊಟ್ಟ ಮೇಲೆ ಮತ್ತೆ ಮತ್ತೆ ತುಂಬಿಸಿಕೊಳ್ಳಬೇಕೆನ್ನಿಸುವುದು ಮನುಷ್ಯ ಸಹಜ. ನಮ್ಮದು ನೀರು, ಪ್ರತಿ ಸಾಲಿಗೆ ಸೇರುವ ಮುನ್ನ ಎಲ್ಲರೂ ಕೆಲವು ಗುಟುಕು. ಬಾಯಾರಿಕೆಯನ್ನು ಹಸಿವೆಂದು ಭಾವಿಸುವ ಮಕ್ಕಳು ಇದರಿಂದಲೇ ಅರ್ಧ ಶಾಂತರಾಗುತ್ತಾರೆ. ತುಂಬಾ ಬೆವರಿದ ದಿನ ಊಟದಲ್ಲಿನ ಉಪ್ಪೇ ಸಾಕಾಗುತ್ತದೆ. ಪಾರ್ಕಿನ ಊಟದಲ್ಲಿ ಉಪ್ಪಿಗೇನೂ ಬರವಿಲ್ಲ. ನನ್ನ ರಕ್ತದೊತ್ತಡದ ಕಾರಣ ಪೊಟ್ಟಣಗಳ ಮೇಲಿನ ಸೋಡಿಯಂ ಅಂಕಿಯನ್ನು ಎರಡೂವರೆಯಿಂದ ಗುಣಿಸಿ ಉಪ್ಪಿನ ಲೆಕ್ಕ ನೋಡುತ್ತೇನೆ. ವಯಸ್ಕರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಇರಬೇಕೆಂಬ ಮಿತಿ ಎಷ್ಟು ಸುಲಭವಾಗಿ ಮೀರುತ್ತದೆ ಎಂಬುದು ಹಾಗೆ ಗುಣಿಸಿದಾಗಲೇ ಮನದಟ್ಟಾಗುತ್ತದೆ.

ಅಪ್ಪನದು ಬೇರೆಯೇ ಲೆಕ್ಕ. ಅವರು ತೆಗೆದುಕೊಳ್ಳುವ ಮಾತ್ರೆಯಿಂದ, ಊಟ ತಡವಾಗಿ ನಡಿಗೆ ಹೆಚ್ಚಾದರೆ ರಕ್ತದ ಸಕ್ಕರೆ ಇಳಿಯಬಹುದು. ಆದ್ದರಿಂದ ಗ್ಲುಕೋಸ್ ಮಾತ್ರೆ, ಚಿಕ್ಕ ಹಣ್ಣಿನ ರಸದ ಪೊಟ್ಟಣ, ಸಕ್ಕರೆ ಅಳೆಯುವ ಸಾಧನ ಅವರ ಸೊಂಟದ ಚೀಲದಲ್ಲೇ ಇರುತ್ತವೆ, ನನ್ನ ಬಳಿ ಅಲ್ಲ. ನಾನು ಮಗನೊಡನೆ ಯಾವುದೋ ರೈಡ್‌ನಲ್ಲಿರುವಾಗ ಅವರಿಗೆ ಬೇಕಾಗಬಹುದು. ಅಂಕಿ 70ಕ್ಕಿಂತ ಕೆಳಗಿದ್ದರೆ 15 ಗ್ರಾಂ ಸಕ್ಕರೆಯಂಶ, 15 ನಿಮಿಷ ಕುಳಿತು ಮತ್ತೆ ಅಳತೆ, ಸರಿಹೋದ ಮೇಲೆ ಏನಾದರೂ ಗಟ್ಟಿ ಆಹಾರ. ಈ ಕ್ರಮವನ್ನು ಮಗನಿಗೂ ಬಾಯಿಪಾಠ ಮಾಡಿಸಿದ್ದೇನೆ. ಪ್ರವಾಸದ ಮುಂಚೆ ಅವರ ವೈದ್ಯರನ್ನು ಕಂಡು, ಹೆಚ್ಚು ನಡೆಯುವ ದಿನಗಳಿಗೆ ಔಷಧಿಯ ಪ್ರಮಾಣ ಹೇಗಿರಬೇಕೆಂದು ಕೇಳಿಕೊಂಡೇ ಹೊರಡುತ್ತೇವೆ.

ಇಷ್ಟು ನಡೆಯುತ್ತೇವಲ್ಲ, ಏನು ತಿಂದರೂ ಕರಗುತ್ತದೆ ಎಂಬ ಮಾತು ಪ್ರತಿ ಪ್ರವಾಸದಲ್ಲೂ ಕಿವಿಗೆ ಬೀಳುತ್ತದೆ. ನಾನು ಒಪ್ಪುವುದಿಲ್ಲ. 60 ಕಿಲೋ ತೂಕದವರು ಒಂದು ಕಿಲೋಮೀಟರ್ ನಡೆದರೆ ಸುಮಾರು 45ರಿಂದ 50 ಕ್ಯಾಲೊರಿ ಖರ್ಚಾಗುತ್ತದೆ. ಹತ್ತು ಕಿಲೋಮೀಟರ್ ನಡೆದರೂ 500ರ ಆಸುಪಾಸು. ದೊಡ್ಡ ಬರ್ಗರ್, ಫ್ರೆಂಚ್ ಫ್ರೈಸ್, ಸೋಡಾ ಸೇರಿದರೆ 1,000 ದಾಟುವುದು ಸಾಮಾನ್ಯ. ಅಲ್ಲದೆ ದಿನದ ದೊಡ್ಡ ಭಾಗ ಕಳೆಯುವುದು ಸಾಲಿನಲ್ಲಿ ನಿಂತು.

ಹಾಗೆಂದು ಮಕ್ಕಳಿಗೆ ಐಸ್‌ಕ್ರೀಮ್ ಇಲ್ಲ ಎನ್ನುವ ಮನೆ ನಮ್ಮದಲ್ಲ. ದಿನಕ್ಕೊಂದು ಸಿಹಿ ಅಥವಾ ಕುರುಕಲು ಒಬ್ಬೊಬ್ಬರ ಹಕ್ಕು. ಯಾವುದು, ಯಾವಾಗ ಎಂಬುದನ್ನು ಅವರೇ ಆರಿಸಬೇಕು, ಆರಿಸಿದ ಮೇಲೆ ಕುಳಿತು ತಿನ್ನಬೇಕು. ಮಗಳು ಬೆಳಗಿನಿಂದ ಅಂಗಡಿ ಅಂಗಡಿಯ ಗಾಜಿಗೆ ಮೂಗೊತ್ತಿ ನೋಡುತ್ತಾಳೆ, ಇದೋ ಅದೋ ಎಂದು ತೂಗುತ್ತಾಳೆ, ಕೊನೆಗೆ ನಾಲ್ಕು ಗಂಟೆಗೆ ತನ್ನ ಆಯ್ಕೆಯನ್ನು ಘೋಷಿಸುತ್ತಾಳೆ. ಆ ಹುಡುಕಾಟವೇ ಅವಳಿಗೆ ಅರ್ಧ ಹಬ್ಬ. ಪ್ರತಿ ಅಂಗಡಿಯ ಮುಂದೆಯೂ ಬೇಕು, ಬೇಡ ಎಂಬ ಜಗಳ ನಮ್ಮಲ್ಲಿಲ್ಲ. ತಿಂದ ಕೂಡಲೇ ಗಿರಗಿರ ತಿರುಗುವ ರೈಡ್‌ಗಳಿಗೆ ಹೋಗುವುದಿಲ್ಲ. ಒಂದು ಗಂಟೆಯಾದರೂ ಪ್ರದರ್ಶನಗಳನ್ನೋ ನಿಧಾನದ ದೋಣಿ ಸವಾರಿಯನ್ನೋ ನೋಡಿಕೊಳ್ಳುತ್ತೇವೆ.

ಯಾರೂ ಬಾಯಿಬಿಟ್ಟು ಹೇಳದ ಇನ್ನೊಂದು ತೊಂದರೆ ಮಲಬದ್ಧತೆ. ಊರು ಬದಲು, ಹೊತ್ತು ಬದಲು, ತಟ್ಟೆಯಲ್ಲಿ ಮೈದಾ ಹೆಚ್ಚು, ಶೌಚಾಲಯದ ಮುಂದೆಯೂ ಸಾಲು. ಎರಡನೆಯ ದಿನಕ್ಕೆ ಮಕ್ಕಳ ಹೊಟ್ಟೆ ಬಿಗಿಯುತ್ತದೆ, ಸಿಡುಕು ಶುರುವಾಗುತ್ತದೆ. ವಯಸ್ಕರಿಗೆ ದಿನಕ್ಕೆ ಕನಿಷ್ಠ 25 ಗ್ರಾಂ ನಾರಿನಂಶ ಬೇಕು. ಬೆಳಗಿನ ಓಟ್ಸ್, ಸಿಪ್ಪೆ ಸಹಿತ ಸೇಬು, ಬೀಜಗಳು, ರಾತ್ರಿ ಒಂದು ಬಟ್ಟಲು ಬೇಯಿಸಿದ ಕಾಳು ಇದ್ದರೆ ಬಹುಪಾಲು ತುಂಬುತ್ತದೆ. ಬೆಳಿಗ್ಗೆ ಹೊರಡುವ ಮುನ್ನ ಕೋಣೆಯಲ್ಲಿ ಹದಿನೈದು ನಿಮಿಷ ಯಾರನ್ನೂ ಅವಸರಪಡಿಸದೆ ಬಿಡುವುದೂ ಅಷ್ಟೇ ಮುಖ್ಯ.

ರಾತ್ರಿಯ ಪಟಾಕಿ ಪ್ರದರ್ಶನ ಮುಗಿದ ಮೇಲೆ ಊಟ ಹುಡುಕುವುದು ಬೇಡ ಎಂದು ನಾವು ಆರು ಗಂಟೆಗೇ ಊಟ ಮುಗಿಸುತ್ತೇವೆ. ಕೋಣೆಗೆ ಮರಳಿದಾಗ ಹಸಿವೆನ್ನುವವರಿಗೆ ಹಾಲು ಅಥವಾ ಮೊಸರು. ಪ್ರವಾಸದ ನಡುವಿನ ಒಂದು ಸಂಜೆ ಮಾತ್ರ ಮೇಜು ಕಾಯ್ದಿರಿಸಿ, ಚೀಲವನ್ನು ಕೋಣೆಯಲ್ಲೇ ಬಿಟ್ಟು, ಕುಳಿತು ಬಡಿಸಿಕೊಳ್ಳುವ ರೆಸ್ಟೋರೆಂಟ್‌ಗೆ ಹೋಗುತ್ತೇವೆ. ಕಾಯ್ದಿರಿಸುವಾಗಲೇ ಅಪ್ಪನ ಮಧುಮೇಹ, ನನ್ನ ಉಪ್ಪಿನ ವಿಷಯ ತಿಳಿಸುತ್ತೇನೆ. ಮೊದಲೇ ಹೇಳಿದರೆ ಅಡುಗೆಮನೆಯವರು ಬಂದು ಮಾತಾಡಿಸಿ, ಸಪ್ಪೆಯಲ್ಲದ ರುಚಿಯಾದ ತಟ್ಟೆಯನ್ನೇ ಮಾಡಿಕೊಡುತ್ತಾರೆ.