ಮೆಕಾಂಗ್ ದಂಡೆಯ ಶಾಲೆಯಲ್ಲಿ ಪಾಠ ಮಾಡಬೇಕಾ? ಹೀಗೆ ಹೊರಡಿ

ಮೊದಲು ಎರಡು ವಾರದ ಪ್ಲಾನ್ ಕೈಬಿಡಿ. ಥಾಯ್ಲೆಂಡ್‌ಗೆ ಹೋಗಿ ಮಕ್ಕಳಿಗೆ ಒಂದಿಷ್ಟು ಇಂಗ್ಲಿಷ್ ಕಲಿಸಿ, ಹಾಗೇ ಊರೂ ನೋಡಿಕೊಂಡು ಬರೋಣ ಅನ್ನುವವರೇ ಜಾಸ್ತಿ. ಮಕ್ಕಳ ಹೆಸರು ಬಾಯಿಗೆ ಬರುವಷ್ಟರಲ್ಲಿ ವಾಪಸ್ ಹೊರಡುವ ದಿನ ಬಂದಿರುತ್ತದೆ. ಮುಂದಿನ ತಿಂಗಳು ಇನ್ನೊಬ್ಬರು ಬಂದು ಮತ್ತೆ ಎ ಫಾರ್ ಆ್ಯಪಲ್‌ನಿಂದ ಶುರು ಮಾಡುತ್ತಾರೆ. ಮಕ್ಕಳು ಪಾಪ, ನಗುನಗುತ್ತಾ ಅದನ್ನೇ ಮತ್ತೆ ಹೇಳುತ್ತಾರೆ. ಹೋಗುವುದಾದರೆ ಪೂರ್ತಿ ಒಂದು ಟರ್ಮ್ ಇರಿ. ನಾನು ನೊಂಗ್ ಖಾಯ್ ಊರಿನಲ್ಲಿ ಒಂದು ಟರ್ಮ್ ಇದ್ದೆ. ಅದನ್ನೇ ಇಟ್ಟುಕೊಂಡು ಹೇಳುತ್ತೇನೆ.

ನೊಂಗ್ ಖಾಯ್ ಇರುವುದು ಮೆಕಾಂಗ್ ನದಿಯ ದಂಡೆ ಮೇಲೆ. ಎದುರು ದಡ ಲಾವೋಸ್. 1994ರಲ್ಲಿ ತೆರೆದ ಸ್ನೇಹ ಸೇತುವೆ ದಾಟಿದರೆ ಆ ದೇಶದ ರಾಜಧಾನಿ ವಿಯೆಂಟಿಯಾನ್ ಹತ್ತಿರವೇ. ಈ ಭಾಗಕ್ಕೆ ಇಸಾನ್ ಅಂತ ಹೆಸರು. ನಮ್ಮ ಈಶಾನ್ಯ ಅನ್ನುವ ಪದವೇ ಅದು, ಥಾಯ್ಲೆಂಡ್‌ನಲ್ಲಿ ಅದು ಇರುವ ದಿಕ್ಕೂ ಅದೇ.

ಹೊರಡುವ ಮುಂಚೆ

ಅಲ್ಲಿ ಮೊದಲ ಟರ್ಮ್ ಮೇ ಮಧ್ಯದಲ್ಲಿ ಶುರುವಾಗಿ ಅಕ್ಟೋಬರ್ ಹೊತ್ತಿಗೆ ಮುಗಿಯುತ್ತದೆ. ಎರಡನೆಯದು ನವೆಂಬರ್‌ನಿಂದ ಮಾರ್ಚ್. ಏಪ್ರಿಲ್‌ನಲ್ಲಿ ಶಾಲೆ ಇಲ್ಲ, ಬಿಸಿಲು ಮಾತ್ರ ವಿಪರೀತ. ನಾನು ಹೋಗಿದ್ದು ಮೇ ತಿಂಗಳಲ್ಲಿ.

"ಸಂಬಳ ತಗೊಳ್ಳಲ್ಲ, ಸುಮ್ನೆ ಕಲಿಸ್ತೀನಿ, ಅದಕ್ಕೂ ಪರ್ಮಿಟ್ ಬೇಕಾ?" ಬೇಕು. ಅಲ್ಲಿನ ಕಾನೂನಿನಲ್ಲಿ ಪುಕ್ಕಟೆ ಕೆಲಸವೂ ಕೆಲಸವೇ. ಮೊದಲು ಶಾಲೆಯಿಂದಲೋ ಸಂಸ್ಥೆಯಿಂದಲೋ ಪತ್ರ ತರಿಸಿಕೊಳ್ಳಿ. ಆ ಪತ್ರ ಇಟ್ಟು ನಾನ್-ಇಮಿಗ್ರೆಂಟ್ ಓ ವೀಸಾಕ್ಕೆ ಅರ್ಜಿ ಹಾಕಿ. ವರ್ಕ್ ಪರ್ಮಿಟ್ ಅಲ್ಲಿ ಆಗುತ್ತದೆ. ಅದು ಕೈಗೆ ಬರುವವರೆಗೆ ಪಾಠ ಶುರು ಮಾಡಬೇಡಿ. ನಾನು ಮೊದಲು ದುಡ್ಡು ಕಟ್ಟಿದ್ದ ಏಜೆನ್ಸಿಯವರು "ಟೂರಿಸ್ಟ್ ಆಗಿ ಬಂದುಬಿಡಿ, ಆಮೇಲೆ ನೋಡೋಣ" ಅಂದರು. ನಾನು ಒಪ್ಪಲಿಲ್ಲ, ಕಟ್ಟಿದ ದುಡ್ಡು ವಾಪಸ್ ಬರಲೂ ಇಲ್ಲ. ಆದರೂ ಆ ತೀರ್ಮಾನ ಸರಿಯಾಗಿತ್ತು ಅಂತಲೇ ಈಗಲೂ ಅನ್ನಿಸುತ್ತದೆ, ಯಾಕೆಂದರೆ ಸಿಕ್ಕಿಬಿದ್ದರೆ ತೊಂದರೆ ನಮಗೊಬ್ಬರಿಗೇ ಅಲ್ಲ, ನಮ್ಮನ್ನು ಕರೆಸಿಕೊಂಡ ಶಾಲೆಗೂ ಆಗುತ್ತದೆ.

ಪಾಸ್‌ಪೋರ್ಟ್ ಕಚೇರಿಯಿಂದ ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್ ಮಾಡಿಸಿಕೊಳ್ಳಿ, ಶಾಲೆಯವರು ಕೇಳದಿದ್ದರೂ ಸರಿ. ಮಕ್ಕಳ ಜೊತೆ ಇರಲು ಹೊರಟವರು ಇಷ್ಟಾದರೂ ಮಾಡಲೇಬೇಕು. ಅಲ್ಲಿಗೆ ಹೋದ ಮೇಲೆ ಮನೆ ಓನರ್ 24 ಗಂಟೆಯೊಳಗೆ ನಿಮ್ಮ ಬಗ್ಗೆ ಇಮಿಗ್ರೇಷನ್‌ಗೆ ತಿಳಿಸಬೇಕು. ತಿಳಿಸಿದ್ದಾರಾ ಅಂತ ಕೇಳಿಕೊಳ್ಳಿ. 90 ದಿನಕ್ಕೊಮ್ಮೆ ನೀವೂ ವಿಳಾಸ ವರದಿ ಮಾಡಬೇಕು.

ಇನ್ನೊಂದು ವಿಷಯ ಮುಚ್ಚಿಡಬಾರದು. ಕೆಲವು ಶಾಲೆಗಳಿಗೆ ಇಂಗ್ಲಿಷ್ ಕಲಿಸಲು ಬಿಳಿಯರೇ ಬೇಕು. ಬೇಜಾರಾಗುತ್ತದೆ. ಅಂಥ ಕಡೆ ವಾದ ಮಾಡುತ್ತಾ ಕೂರಬೇಡಿ, ಬೇರೆ ಶಾಲೆ ಹುಡುಕಿ. ಇಂಗ್ಲಿಷನ್ನು ಕಷ್ಟಪಟ್ಟು ಕಲಿತವರಿಗೆ ಅದರ ಕಷ್ಟ ಎಲ್ಲಿದೆ ಅಂತ ಗೊತ್ತಿರುತ್ತದೆ. ಅದು ತರಗತಿಯಲ್ಲಿ ತುಂಬಾ ಉಪಯೋಗಕ್ಕೆ ಬರುತ್ತದೆ.

ಬ್ಯಾಂಕಾಕ್‌ನ ಕ್ರುಂಗ್ ಥೇಪ್ ಅಪಿವಾತ್ ಸ್ಟೇಷನ್ನಿನಿಂದ ರಾತ್ರಿ ರೈಲು ಇದೆ. ಮಲಗಿ ಎದ್ದರೆ ಕಿಟಕಿ ಹೊರಗೆ ಗದ್ದೆಗಳು.

ತರಗತಿಯಲ್ಲಿ

ಬೆಳಿಗ್ಗೆ 8ಕ್ಕೆ ಬಾವುಟ ಏರಿಸುತ್ತಾರೆ, ರಾಷ್ಟ್ರಗೀತೆ ಹಾಡುತ್ತಾರೆ. ಸಂಜೆ 6ಕ್ಕೂ ಸ್ಟೇಷನ್ನು, ಪಾರ್ಕುಗಳಲ್ಲಿ ರಾಷ್ಟ್ರಗೀತೆ ಕೇಳುತ್ತದೆ. ಎಲ್ಲಿದ್ದೀರೋ ಅಲ್ಲೇ ನಿಲ್ಲಿ. ತರಗತಿಯ ಹೊರಗೆ ಚಪ್ಪಲಿಗಳ ಸಾಲು ಕಂಡರೆ ನಿಮ್ಮದನ್ನೂ ಅಲ್ಲೇ ಬಿಡಿ. ಪ್ರೀತಿಯಿಂದಲೂ ಮಕ್ಕಳ ತಲೆ ಮುಟ್ಟಬೇಡಿ. ರಾಜಮನೆತನದ ಬಗ್ಗೆ ಮಾತೇ ಬೇಡ, ಅವಮಾನ ಅನ್ನಿಸಿದರೆ 3ರಿಂದ 15 ವರ್ಷ ಜೈಲು.

ಮಕ್ಕಳು ನಿಮ್ಮನ್ನು "ಖ್ರೂ" ಅಂತ ಕರೆಯುತ್ತಾರೆ. ಅದು ಗುರು. ಭಾಷೆಗೆ ಫಾಸಾ, ಆಹಾರಕ್ಕೆ ಆಹಾನ್. ಇಂಥ ಮಾತುಗಳನ್ನು ಒಂದು ಪುಸ್ತಕದಲ್ಲಿ ಬರೆದುಕೊಳ್ಳುತ್ತಾ ಹೋಗಿ, ಥಾಯ್ ಬೇಗ ಹತ್ತಿರವಾಗುತ್ತದೆ.

"ಅರ್ಥ ಆಯ್ತಾ?" ಅಂತ ಕೇಳಬೇಡಿ. ಎಲ್ಲರೂ ಹೂಂ ಅನ್ನುತ್ತಾರೆ. ಅವರಲ್ಲಿ ಕ್ರೇಂಗ್ ಚಾಯ್ ಅಂತ ಒಂದು ಮಾತಿದೆ, ಇನ್ನೊಬ್ಬರಿಗೆ ತೊಂದರೆ ಕೊಡಬಾರದು ಅನ್ನುವ ಸಂಕೋಚ ಅದು. ಅರ್ಥವಾಗಲಿಲ್ಲ ಅಂದರೆ ಮೇಷ್ಟ್ರಿಗೆ ಬೇಜಾರಾಗುತ್ತದಲ್ವಾ ಅಂತ ಸುಮ್ಮನಿರುತ್ತಾರೆ. ಒಬ್ಬರನ್ನೇ ಎಬ್ಬಿಸಿ ನಿಲ್ಲಿಸುವ ಬದಲು ಇಬ್ಬಿಬ್ಬರನ್ನು ಜೋಡಿ ಮಾಡಿ ಮಾತಾಡಿಸಿ.

ಉಚ್ಚಾರಣೆ ವಿಷಯಕ್ಕೆ ಸ್ವಲ್ಪ ಜಾಸ್ತಿ ಸಮಯ ಇಡಿ. ಥಾಯ್ ಪದಗಳು ಕೆಲವೇ ವ್ಯಂಜನಗಳಿಂದ ಕೊನೆಯಾಗುತ್ತವೆ. ಹಾಗಾಗಿ ಕೊನೆಯ 'ಸ್' ಅವರ ಬಾಯಲ್ಲಿ 'ತ್' ಆಗುತ್ತದೆ, 'ಲ್' ಹೋಗಿ 'ನ್' ಬರುತ್ತದೆ. ಬಸ್ ಅಂದರೆ ಬತ್, ಸ್ಕೂಲ್ ಅಂದರೆ ಸಕೂನ್. ನಾವು ಕೊನೆಗೆ ಒಂದು ಉಕಾರ ಸೇರಿಸಿ ಬಸ್ಸು, ಸ್ಕೂಲು ಅನ್ನುತ್ತೇವೆ, ಅವರು ಅಲ್ಲೇ ತಡೆದು ನಿಲ್ಲಿಸುತ್ತಾರೆ. ನಾನು ಮಾಡಿದ್ದು ಇಷ್ಟು. ಡೆಸ್ಕಿನ ಈ ತುದಿಯಲ್ಲಿ ಬೆರಳಿಟ್ಟು "ಬಸ್" ಅನ್ನಬೇಕು, ಬೆರಳು ಆ ತುದಿ ಮುಟ್ಟುವವರೆಗೆ ಸ್‌ಸ್‌ಸ್ ಅಂತ ಎಳೆಯಬೇಕು. ಮೂರನೇ ಸಾಲಿನ ಒಬ್ಬ ಹುಡುಗಿ ಮೊದಲ ವಾರ ಬಾಯೇ ಬಿಟ್ಟಿರಲಿಲ್ಲ. ಅವಳು ಡೆಸ್ಕಿನ ಅಂಚು ದಾಟಿ, ಪಕ್ಕದವಳ ಪುಸ್ತಕದ ಮೇಲೂ ಬೆರಳು ಎಳೆದುಕೊಂಡು ಹೋಗಿ, ಉಸಿರು ಮುಗಿಯುವವರೆಗೆ ಬಿಡಲಿಲ್ಲ. ಆಮೇಲೆ ನದಿಯ ನಾಗನ ಸದ್ದು ಅಂತ ಅವರೇ ಅದಕ್ಕೆ ಹೆಸರಿಟ್ಟರು.

ಜೂನ್‌ನಲ್ಲಿ ಇದ್ದರೆ ವಾಯ್ ಖ್ರೂ ಸಿಗುತ್ತದೆ, ಗುರುವಂದನೆಯ ದಿನ. ಸಾಮಾನ್ಯವಾಗಿ ಗುರುವಾರವೇ ಮಾಡುತ್ತಾರೆ. ಮಕ್ಕಳು ಮಂಡಿಯಲ್ಲಿ ನಡೆದು ಬಂದು ಹೂವಿನ ತಟ್ಟೆ ಕೊಡುತ್ತಾರೆ. ನನ್ನ ಕೈಗೆ ಬಂದ ತಟ್ಟೆಯಲ್ಲಿ ಗರಿಕೆ ಇತ್ತು! ಗಣಪತಿಗೆ ಏರಿಸುವ ಅದೇ ಗರಿಕೆ. ಅದು ಹಬ್ಬುವ ಹಾಗೆ ವಿದ್ಯೆ ಹಬ್ಬಲಿ ಅಂತ. ಬದನೆ ಹೂ ತಲೆ ತಗ್ಗಿಸುತ್ತದಲ್ಲ, ಅದು ವಿನಯಕ್ಕೆ. ಕೇಪಳದ ಮೊಗ್ಗು ಸೂಜಿಯ ಹಾಗೆ, ಅದು ಚುರುಕು ಬುದ್ಧಿಗೆ. ಆಗ ಎದ್ದು ನಿಂತು ಬೇಡ ಬೇಡ ಅನ್ನಬೇಡಿ. ಕೂತು, ಎರಡೂ ಕೈಯಲ್ಲಿ ತೆಗೆದುಕೊಳ್ಳಿ.

ಊಟ, ನದಿ

ಇಸಾನ್‌ನಲ್ಲಿ ಅಂಟು ಅನ್ನವೇ ಮುಖ್ಯ, ಖಾವ್ ನಿಯಾವ್. ಬಿದಿರಿನ ಪುಟ್ಟ ಬುಟ್ಟಿಯಲ್ಲಿ ಬಿಸಿಬಿಸಿ ಬರುತ್ತದೆ. ಬಲಗೈಯಲ್ಲಿ ಸ್ವಲ್ಪ ಮುರಿದು, ಬೆರಳಲ್ಲೇ ಒತ್ತಿ ಉಂಡೆ ಮಾಡಿ, ಚಟ್ನಿಗೆ ಅದ್ದಿ ತಿನ್ನಬೇಕು. ಮುದ್ದೆ ಉಂಡು ಬೆಳೆದವರಿಗೆ ಕೈ ತಾನೇ ತಿರುಗುತ್ತದೆ, ಆದರೆ ನುಂಗಬೇಡಿ, ಇದನ್ನು ಅಗಿಯಬೇಕು.

ಸಸ್ಯಾಹಾರಿಗಳು ಕಲಿಯಬೇಕಾದ ಪದ ಮಾಂಗ್‌ಸವಿರತ್. ನಮ್ಮ ಮಾಂಸ, ವಿರತಿ ಸೇರಿ ಆದ ಪದ. ಮೊಟ್ಟೆಯೂ ಬೇಡವಾದರೆ "ಜೇ" ಅನ್ನಿ. ಹಳದಿ ಬಾವುಟದ ಮೇಲೆ ಕೆಂಪು ಅಕ್ಷರ ಇರುವ ಅಂಗಡಿ ಹುಡುಕಿ. ಪರಂಗಿಕಾಯಿ ಕುಟ್ಟಿ ಮಾಡುವ ಸೋಮ್ ತಮ್ ನೋಡಲು ಪೂರ್ತಿ ತರಕಾರಿಯೇ. ಆದರೆ ಅದಕ್ಕೆ ಮೀನಿನ ಸಾಸ್ ನಾಮ್ ಪ್ಲಾ ಬೀಳುತ್ತದೆ, ಈ ಕಡೆ ಹುಳಿ ಬರಿಸಿದ ಮೀನು ಪ್ಲಾ ರಾ ಕೂಡ. ಅಂಗಡಿಯ ಅಕ್ಕ ಒರಳಿಗೆ ಚಮಚ ಹಾಕುವ ಮುಂಚೆಯೇ "ಮಾಯ್ ಸಾಯ್ ನಾಮ್ ಪ್ಲಾ, ಮಾಯ್ ಸಾಯ್ ಪ್ಲಾ ರಾ" ಅನ್ನಬೇಕು. ಹಾಕಬೇಡಿ ಅಂತ ಅರ್ಥ.

ಸಂಜೆ ನದಿ ದಂಡೆಯ ದಾರಿಯಲ್ಲಿ ನಡೆಯಿರಿ, ನೀರಿಗೆ ಮಾತ್ರ ಇಳಿಯಬೇಡಿ. ಮೇಲೆ ಶಾಂತವಾಗಿ ಕಂಡರೂ ಸೆಳೆತ ಜೋರು. ಮೇ ತಿಂಗಳಲ್ಲಿ ನಾನು ಕಂಡ ಮರಳ ದಿಬ್ಬ ಆಗಸ್ಟ್‌ನಲ್ಲಿ ಪೂರ್ತಿ ಮುಳುಗಿತ್ತು. 1847ರಲ್ಲಿ ದಂಡೆ ಕುಸಿದು ನದಿಗೆ ಬಿದ್ದ ಸ್ತೂಪವೂ ಅಷ್ಟೇ, ನೀರು ಇಳಿದಾಗ ಮಾತ್ರ ಕಾಣುತ್ತದೆ. ನದಿಯಲ್ಲಿ ಪಯಾ ನಾಕ್, ಅಂದರೆ ನಾಗರಾಜ, ಇದ್ದಾನೆ ಅಂತ ಊರವರ ನಂಬಿಕೆ. ಬೌದ್ಧರ ಮಳೆಗಾಲದ ವ್ರತ ಮುಗಿಯುವ ಹುಣ್ಣಿಮೆಯಂದು, ಹೆಚ್ಚಾಗಿ ಅಕ್ಟೋಬರ್‌ನಲ್ಲಿ, ನೀರಿನಿಂದ ಕೆಂಪು ಬೆಂಕಿಯುಂಡೆ ಏಳುವುದನ್ನು ನೋಡಲು ಫೋನ್ ಫಿಸಾಯ್ ಕಡೆ ಜನ ಸೇರುತ್ತಾರೆ. ಟರ್ಮ್ ಮುಗಿದ ಮೇಲೂ ನಾಲ್ಕು ದಿನ ಉಳಿದುಕೊಂಡರೆ ಒಳ್ಳೆಯದು.

ಬಿಟ್ಟು ಬರುವಾಗ

ಮೊದಲ ದಿನದಿಂದಲೇ ಅಲ್ಲಿನ ಶಿಕ್ಷಕಿಯ ಜೊತೆ ಸೇರಿ ಪಾಠ ಮಾಡಿ. ಅವರು ಮುಂದೆ, ನೀವು ಪಕ್ಕದಲ್ಲಿ. ಯಾವ ಮಗುವಿಗೆ ಏನು ಬಂತು, ಎಲ್ಲಿ ನಿಂತಿದೆ ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆದು ಅವರ ಕೈಗೆ ಕೊಟ್ಟು ಬನ್ನಿ. ಮುಂದಿನವರು ಬಂದಾಗ ಮತ್ತೆ ಎ ಫಾರ್ ಆ್ಯಪಲ್ ಆಗಬಾರದು.

ಹೊರಡುವ ಹಿಂದಿನ ದಿನ ಕೈಗೆ ಬಿಳಿ ನೂಲು ಕಟ್ಟಬಹುದು, ಬಾಯ್ ಸೀ ಅನ್ನುತ್ತಾರೆ. ನನಗೆ ಒಬ್ಬೊಬ್ಬರೇ ಬಂದು ಕಟ್ಟಿ ಏನೋ ಹರಸಿ ಹೋದರು, ಮಣಿಕಟ್ಟಿನಿಂದ ಅರ್ಧ ತೋಳಿನವರೆಗೂ ನೂಲೇ. ಮೂರು ದಿನವಾದರೂ ಹಾಗೇ ಇರಲಿ. ಆಮೇಲೂ ಕತ್ತರಿ ಹಾಕಬೇಡಿ, ಒಂದೊಂದೇ ಗಂಟು ಬಿಚ್ಚಿ ತೆಗೆಯಿರಿ.